ಅವ್ವ ಕರಗಿಸಿದ ಕೊಕ್ಕೆ

ನಮ್ಮ ತವರಿನ ಹೊಲ ಭೀಮಾ ನದಿಯಿಂದ ಎರಡು ಹರದಾರಿ ದೂರದಲ್ಲಿದೆ. ಅಪ್ಪಟ ಎರಿ ಭೂಮಿ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಬಾಯಿ ಮುಚ್ಚಿಕೊಂಡು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಹೊಲದ ಮೂಡಣಕ್ಕೆ ಒಂದು ಹಾಳೂರಿನ ದಿಬ್ಬ. ಅಜ್ಜನ ಕಾಲದಲ್ಲಿ ಆ ದಿಬ್ಬದ ಬೂದಿಮಣ್ಣನ್ನು ಗೊಬ್ಬರವೆಂದು ಬಂಡಿಗಟ್ಟಲೆ ತಂದು ಹೊಲಕ್ಕೆ ಹರವುತ್ತಿದ್ದರಂತೆ. ಮಣ್ಣಿನ ಸಂಗಡ ಗಡಿಗೆಯ ಚೂರು, ಬಳೆಯ ಒಡಕು, ಮಣಿ ಎಲ್ಲವೂ ಬಂದವು. ನಾವು ಚಿಕ್ಕವರಿದ್ದಾಗ ಮಳೆ ಹೊಳವಾದ ಮರುದಿನ ಹೊಲದ ತುಂಬ ತಲೆ ತಗ್ಗಿಸಿ ತಿರುಗುವುದೇ ನಮಗೊಂದು ಆಟ. ತೊಳೆದ ಮಣ್ಣಿನ ಮೇಲೆ ಏನಾದರೂ ಹೊಳೆಯುತ್ತಿತ್ತು.

1968ರ ಹಿಂಗಾರಿ ಜೋಳದಲ್ಲಿ ಕಸ ತೆಗೆಯುವಾಗ ಅವ್ವನ ಕುರಪಿಗೆ ಏನೋ ತಾಗಿತು. ಎತ್ತಿ ನೋಡಿದರೆ ಕಪ್ಪಾದ ಒಂದು ತಂತಿ. ನಡುವೆ ಮಡಚಿ ಎರಡು ಎಳೆ ಒಂದಕ್ಕೊಂದು ತಾಗುವಂತೆ ಬಡಿದಿದ್ದರು. ತುದಿ ಮೀನಿನ ಗಾಳದಂತೆ ಬಾಗಿತ್ತು. ಚಪ್ಪಟೆಯಾದ ಮೈಮೇಲೆ ಇರುವೆ ಹರಿದಂತೆ ಏನೋ ಗುರುತು. ಅವ್ವ ಸೆರಗಿನಿಂದ ತಿಕ್ಕಿ, "ಯಾವುದೋ ಬೀಗದ ಕೊಕ್ಕಿ ಇರಬೇಕ ಇದು. ಖರೆ ಬೆಳ್ಳಿ ಐತಿ ನೋಡ" ಎಂದು ಸೆರಗಿಗೆ ಗಂಟು ಹಾಕಿದಳು. ಎಂಟು ವರ್ಷ ಅದು ದೇವರ ಮಾಡದ ಡಬ್ಬಿಯಲ್ಲಿತ್ತು. 1976ರಲ್ಲಿ ನನ್ನ ಮದುವೆಗೆ ಬೆಳ್ಳಿ ಕಡಿಮೆ ಬಿದ್ದಾಗ ಅವ್ವ ಅದನ್ನು ಪತ್ತಾರನ ಮುಂದಿಟ್ಟಳು. ಅವನು ತಕ್ಕಡಿಗೆ ಹಾಕಿ, "ಅರ್ಧ ತೊಲಿ ಒಳಗ ಐತ್ರಿ ಅಕ್ಕಾರ, ಬೆಳ್ಳಿ ಭಾಳ ಛಲೋ ಐತಿ" ಎಂದು ಮೂಸೆಗೆ ಹಾಕಿದ. ನನಗೆ ಒಂದು ಜೊತೆ ಕಾಲುಂಗುರವಾದವು.

ಮುಂದೆ ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವಳಾದೆ. ಬಾಹ್ಯ ವಿದ್ಯಾರ್ಥಿನಿಯಾಗಿ ಎಂ.ಎ. ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಧಾರವಾಡದ ಒಂದು ಗ್ರಂಥಾಲಯದಲ್ಲಿ ನಾಣ್ಯಗಳ ಪುಸ್ತಕ ತಿರುವುತ್ತಿದ್ದೆ. ಒಂದು ಪುಟದಲ್ಲಿ ಅವ್ವನ ಕೊಕ್ಕೆ ಇತ್ತು! ಕೆಳಗೆ 'ಲಾರಿ' ಎಂದು ಬರೆದಿತ್ತು. ಪರ್ಷಿಯಾದ ಲಾರ್ ಎಂಬ ಊರಿನಿಂದ ಆ ಹೆಸರು. ಬೆಳ್ಳಿಯ ತಂತಿಯನ್ನು ಮಡಚಿ ಮೇಲೆ ಮುದ್ರೆ ಒತ್ತಿದ ನಾಣ್ಯ. ಪರ್ಷಿಯಾದ ಖಾರಿಯಿಂದ ಸಿಂಹಳದವರೆಗೆ ಕಡಲ ವ್ಯಾಪಾರವೆಲ್ಲ ಇದರಲ್ಲಿ ನಡೆಯುತ್ತಿತ್ತು. ಮಾಲ್ಡೀವ್ಸ್ ದ್ವೀಪದವರು ಇಂದಿಗೂ ತಮ್ಮ ಚಿಲ್ಲರೆಗೆ ಲಾರಿ ಎಂದೇ ಅನ್ನುತ್ತಾರೆ. ನಮ್ಮ ಬಿಜಾಪುರದ ಎರಡನೆಯ ಅಲಿ ಆದಿಲಶಾಹನೂ ಹದಿನೇಳನೆಯ ಶತಮಾನದಲ್ಲಿ ತನ್ನ ಹೆಸರಿನಲ್ಲಿ ಲಾರಿಗಳನ್ನು ಹೊಡೆಸಿದ್ದ. ತೂಕ ಐದು ಗ್ರಾಮಿಗೆ ಸ್ವಲ್ಪ ಕಡಿಮೆ. ಅರ್ಧ ತೊಲಿಯ ಒಳಗೆ ಎಂದು ಪತ್ತಾರ ಹೇಳಿದ್ದು ನೆನಪಾಯಿತು.

ಅವು ಹೆಚ್ಚಾಗಿ ಸಿಕ್ಕಿದ್ದು ಕೊಂಕಣದ ಕಡೆ. ಕಡಲಿನಿಂದ ಇಷ್ಟು ದೂರದ ನಮ್ಮ ಹೊಲಕ್ಕೆ ಒಂದು ಲಾರಿ ಬಂದಿದ್ದರೆ, ಅದನ್ನು ಯಾರೋ ಘಟ್ಟ ಹತ್ತಿಸಿ ತಂದಿರಬೇಕು. ಕುದುರೆ ವ್ಯಾಪಾರಿಯೋ, ಸಿಪಾಯಿಯೋ. ಅಥವಾ ಅದು ಲಾರಿಯೇ ಆಗಿರಲಿಕ್ಕಿಲ್ಲ, ಅವ್ವ ಅಂದಂತೆ ಬೀಗದ ಕೊಕ್ಕೆಯೇ ಇದ್ದೀತು. ಈಗ ಕೇಳುವುದು ಯಾರನ್ನು? ಪುಸ್ತಕ ಮುಚ್ಚಿ ಕಾಲುಂಗುರ ನೋಡಿಕೊಂಡೆ. ಅವ್ವನಿಗೆ ಈ ಸಂಗತಿಯನ್ನು ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಮಗಳ ಮದುವೆಗೆ ತಾನು ಏನೋ ತಪ್ಪು ಮಾಡಿದೆನೆಂದು ಕೊರಗುತ್ತಿದ್ದಳು.

ಈ ಹಳೆಯ ಕಥೆಯನ್ನು ಹೊಸದು ಮಾಡಿದವನು ನನ್ನ ತಮ್ಮನ ಮಗ. ಪುಣೆಯಲ್ಲಿ ಕಂಪ್ಯೂಟರ್ ಕೆಲಸ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಬಂದಾಗ ಉದ್ದ ಕೋಲಿಗೆ ತಟ್ಟೆ ಸಿಕ್ಕಿಸಿದಂಥ ಒಂದು ಯಂತ್ರ ತಂದಿದ್ದ. ಮೆಟಲ್ ಡಿಟೆಕ್ಟರ್. ಬ್ಯಾಂಕಿನ, ದೊಡ್ಡ ಗುಡಿಗಳ ಬಾಗಿಲಲ್ಲಿ ಚೌಕಟ್ಟಿನ ರೂಪದಲ್ಲಿ ನಿಲ್ಲುವುದೂ ಇದರ ಅಣ್ಣನೇ. "ವಿಲಾಯತಿಯೊಳಗ ಮಂದಿ ರವಿವಾರ ಬಂತಂದ್ರ ಇದನ್ನ ಹಿಡಕೊಂಡು ಹೊಲದಾಗ ತಿರಗತಾರ ಅತ್ತಿ. ಗಾಳ ಹಾಕಿ ಮೀನ ಹಿಡಿಯೋ ಹಂಗ, ಇದೂ ಒಂದು ಹವ್ಯಾಸ" ಅಂದ. ನಾನು ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಹೊಲಕ್ಕೆ ಹೋಗೋಣ ನಡಿ ಎಂದವಳೇ ನಾನು. ಇನ್ನೊಂದು ಕೊಕ್ಕೆ ಸಿಕ್ಕರೆ ಆ ಮೊದಲನೆಯದು ಏನಾಗಿತ್ತೆಂದು ತಿಳಿದೀತೆಂಬ ಆಸೆ, ಅಷ್ಟೇ.

ಯಂತ್ರದ ಗುಟ್ಟು ದೊಡ್ಡದಲ್ಲ. ತಟ್ಟೆಯೊಳಗೆ ತಂತಿಯ ಸುರುಳಿ; ಅದರಲ್ಲಿ ವಿದ್ಯುತ್ತು ಹರಿದಾಗ ಸುತ್ತ ಕಾಂತದ ಸೆಳೆತ ಹುಟ್ಟುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ತು ಎದ್ದು ಉತ್ತರ ಕೊಡುತ್ತದೆ. ಆ ಉತ್ತರವೇ ಕಿವಿಗೆ ಕುಂಯ್ ಎಂದು ಕೇಳುವುದು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ 1881ರಲ್ಲಿ ಇಂಥದೊಂದನ್ನು ಅವಸರದಲ್ಲಿ ಮಾಡಿದ್ದ. ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ಯಾವನೋ ಗುಂಡು ಹೊಡೆದಿದ್ದ. ಮೈಯೊಳಗಿನ ಗುಂಡು ಎಲ್ಲಿದೆಯೆಂದು ಹುಡುಕಲು ಬೆಲ್ ಯಂತ್ರ ಹಿಡಿದರೆ ಎಲ್ಲಿ ಹಿಡಿದರೂ ಸದ್ದು. ಹಾಸಿಗೆಯ ಕೆಳಗಿನ ಉಕ್ಕಿನ ಸ್ಪ್ರಿಂಗುಗಳು ಕೂಗುತ್ತಿದ್ದವಂತೆ. ಅಧ್ಯಕ್ಷರು ಉಳಿಯಲಿಲ್ಲ. ಮುಂದೆ ಎರಡನೆಯ ಮಹಾಯುದ್ಧದಲ್ಲಿ ನೆಲದಲ್ಲಿ ಹುಗಿದ ಸಿಡಿಗುಂಡು ಹುಡುಕಲು ಈ ಯಂತ್ರ ಸುಧಾರಿಸಿತು. ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈಗೆ ಬಂತು.

ನಮ್ಮ ಎರಿ ಮಣ್ಣು ಅದಕ್ಕೂ ಸುಲಭವಾಗಿ ಮಣಿಯಲಿಲ್ಲ. ಕಪ್ಪು ಕಲ್ಲು ಕರಗಿ ಆದ ಮಣ್ಣಿನಲ್ಲಿ ಕಬ್ಬಿಣದ ಅಂಶವೇ ಹೆಚ್ಚು. ಏನೂ ಇಲ್ಲದಿದ್ದರೂ ಗುಂಯ್‌ಗುಡುತ್ತದೆ. ಎರಡು ದಿನ ತಿರುಗಿದೆವು. ಎತ್ತಿನ ಕಾಲಿನ ಲಾಳ ಏಳು, ಲಾಳದ ಮೊಳೆಗಳು ಲೆಕ್ಕವಿಲ್ಲ, ಸವೆದ ಕುಂಟೆಯ ಕುಡ ಒಂದು, ಸೋಡಾ ಬಾಟಲಿಯ ಬಿರಡೆ, ಬೀಡಿ ಕಟ್ಟಿನ ಬೇಗಡೆ. ಎರಡನೆಯ ದಿನ ಸಂಜೆ ಒಂದು ಗೇಣು ಆಳದಲ್ಲಿ ದುಂಡನೆಯ ಒಂದು ದುಡ್ಡು ಸಿಕ್ಕಿತು. ಹಸಿರು ಹಿಡಿದಿತ್ತು. ಒಂದು ಬದಿಗೆ ಹಗ್ಗದ ಗಂಟಿನಂತೆ ಹೆಣೆದ ಪಾರ್ಸಿ ಅಕ್ಷರ. ಹುಡುಗ ಕುಣಿದಾಡಿದ. "ಆದಿಲಶಾಹಿ ಅತ್ತಿ, ಗ್ಯಾರಂಟಿ ಆದಿಲಶಾಹಿ!"

ಮನೆಗೆ ತಂದು ತೊಂಬತ್ತು ದಾಟಿದ ನಮ್ಮ ಸೋದರತ್ತೆಯ ಅಂಗೈಯಲ್ಲಿಟ್ಟೆವು. ಕಣ್ಣು ಮಂಜಾದ ಅವಳು ಹೆಬ್ಬೆರಳಿನಿಂದ ಸವರಿ, "ಹಾಲಿ ದುಡ್ಡ ಐತೆಲ್ಲೋ ಇದು" ಅಂದಳು. ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ತಿಳಿಯದ್ದು ಅವಳ ಬೆರಳಿಗೆ ತಿಳಿದಿತ್ತು. ಹಾಲಿ ಸಿಕ್ಕಾ ಎಂದರೆ ಹೈದರಾಬಾದಿನ ನಿಜಾಮರ ನಾಣ್ಯ. ಇಂಡಿ, ಸಿಂದಗಿ ಆಗ ಮುಂಬಯಿ ಇಲಾಖೆ, ಇಂಗ್ಲಿಷರ ರಾಜ್ಯ. ಭೀಮೆ ದಾಟಿ ಅಫಜಲಪುರಕ್ಕೆ ಕಾಲಿಟ್ಟರೆ ನಿಜಾಮರ ರಾಜ್ಯ. ಈಚೆ ಕಲದಾರ ರೂಪಾಯಿ, ಆಚೆ ಹಾಲಿ ರೂಪಾಯಿ. ಏಳು ಹಾಲಿಗೆ ಆರು ಕಲದಾರ ಸಮ. ಹೊಳೆ ದಾಟುವಾಗಲೆಲ್ಲ ದುಡ್ಡು ಬದಲಿಸಬೇಕು. ಬೀಗರು ಆಚೆ, ಗಾಣಗಾಪುರದ ದತ್ತ ಆಚೆ, ಹೆಣ್ಣು ಕೊಟ್ಟು ತರುವುದು ಎರಡೂ ಕಡೆ. ನಮ್ಮ ಪಠ್ಯಪುಸ್ತಕಗಳಲ್ಲಿ ಗಡಿ ಎಂದರೆ ನಕಾಶೆಯ ಗೆರೆ. ನಮ್ಮ ಹೆಂಗಸರಿಗೆ ಅದು ಸೆರಗಿನ ಎರಡು ಗಂಟುಗಳಾಗಿತ್ತು.

"ಗಾಣಗಾಪೂರದಾಗ ಉಳಿದ ಹಾಲಿ ದುಡ್ಡ ನಮ್ಮವ್ವ ತರತಿದ್ದಳು. ಇಲ್ಲಿ ಯಾರೂ ಅದನ್ನ ತಗೋತಿದ್ದಿಲ್ಲ. ನಮಗ ಆಡಾಕ ಕೊಡತಿದ್ದಳು. ಹೊಲದಾಗ ಕುಂಟಾಟ ಆಡೂಮುಂದ ಬಚ್ಚಿಗೆ ಇದನ್ನs ಒಗೀತಿದ್ದಿವಿ" ಎಂದ ಅತ್ತೆ ಇದ್ದೆರಡು ಹಲ್ಲು ತೋರಿಸಿ ನಕ್ಕಳು. "ನಾನs ಕಳೆದಿದ್ದ ಇರಬೇಕ ನೋಡ, ತಾ ಇಲ್ಲಿ." ಆದಿಲಶಾಹಿಯ ಆಸೆ ಹೋದರೂ ಹುಡುಗನಿಗೆ ಬೇಸರವಾಗಲಿಲ್ಲ. ಒಂದು ದುಡ್ಡು ಎಂಬತ್ತು ವರ್ಷದ ಮೇಲೆ ಕಳೆದವಳ ಕೈಗೇ ಮರಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆದರೆ ಊರು ಕೇಳಿದ್ದು ಬೇರೆ. "ಪುಣೆದಿಂದ ಮಶಿನ್ ತಂದಾರ, ಹೊಲದಾಗ ಕೊಪ್ಪರಿಗಿ ಸಿಕ್ಕೈತಿ" ಎಂದು ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಮೂರನೆಯ ಮುಂಜಾನೆ ಹೊಲಕ್ಕೆ ಹೋದರೆ ಬದುವಿನ ಮೇಲಿನ ವೀರಗಲ್ಲಿನ ಬುಡದಲ್ಲಿ ಎದೆಮಟ್ಟದ ಕುಣಿ. ಸುತ್ತ ಹೆಚ್ಚಿದ ನಿಂಬೆಹಣ್ಣು, ಕುಂಕುಮ. ಕಲ್ಲು ಅಡ್ಡ ಬಿದ್ದು ನಡುವೆ ಎರಡು ತುಂಡಾಗಿತ್ತು. ಕೆಳಗಿನ ಹಂತದಲ್ಲಿ ಕತ್ತಿ ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಒಡೆದದ್ದು ಅಪ್ಸರೆಯರ ಸೊಂಟಕ್ಕೆ ಸರಿಯಾಗಿ. ನಮ್ಮ ಮನೆಯ ಹೆಂಗಸರು ತಲೆತಲಾಂತರದಿಂದ ಅದಕ್ಕೆ ಕಲ್ಲಪ್ಪ ಎಂದು ಎಣ್ಣೆ ಹಚ್ಚಿ, ಎಳ್ಳ ಅಮವಾಸ್ಯೆಗೆ ಎಡೆ ಹಿಡಿದು, ಆಮೇಲೆಯೇ ಹೊಲಕ್ಕೆ ಚರಗ ಚೆಲ್ಲುತ್ತಿದ್ದರು. ಆ ಕಲ್ಲು ಎಷ್ಟೋ ಬರಗಾಲ ಕಂಡಿತ್ತು, ಎಷ್ಟೋ ದಂಡು ಕಂಡಿತ್ತು. ನಮ್ಮ ಎರಡು ದಿನದ ಹವ್ಯಾಸವನ್ನು ತಾಳಲಿಲ್ಲ.

ಯಾರು ಅಗೆದರೆಂದು ತಿಳಿಯಲಿಲ್ಲ. ನನ್ನ ಮಟ್ಟಿಗೆ, ಅಗೆಸಿದವಳು ನಾನೇ. ತಮ್ಮ ಸರಪಳಿ ಹಾಕಿಸಿ ಕಲ್ಲು ಎತ್ತಿಸಿ ಸಿಮೆಂಟು ಹಚ್ಚಿಸಿದ. ಸೊಂಟದ ಮೇಲೆ ಬಿಳಿಯ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಹುಡುಗ ಮಾತಿಲ್ಲದೆ ಯಂತ್ರವನ್ನು ಅಟ್ಟದ ಮೇಲಿಟ್ಟು ಪುಣೆಗೆ ಹೋದ. ಅದು ಇನ್ನೂ ಅಲ್ಲಿಯೇ ಇದೆ.

ಇದಾದ ಮೇಲೆ ನಾನು ಕಾಯ್ದೆಯ ಪುಸ್ತಕ ಹುಡುಕಿ ಓದಿದೆ, ಮೊದಲೇ ಓದಬೇಕಾಗಿತ್ತು. ನಿಧಿಯ ಬಗೆಗೆ ಇಂಗ್ಲಿಷರು 1878ರಲ್ಲಿಯೇ ಕಾಯ್ದೆ ಮಾಡಿದ್ದರು. ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕು. ವಾರಸುದಾರರು ಯಾರೂ ಬರದಿದ್ದರೆ, ಬೇರೆ ಒಪ್ಪಂದವಿಲ್ಲದಾಗ, ಸಿಕ್ಕವನಿಗೆ ಮುಕ್ಕಾಲು ಪಾಲು, ಹೊಲದವನಿಗೆ ಕಾಲು ಪಾಲು. ಸರ್ಕಾರಕ್ಕೆ ಬೇಕೆನಿಸಿದರೆ ಬೆಲೆ ಕೊಟ್ಟು ತಾನೇ ತೆಗೆದುಕೊಳ್ಳಬಹುದು. 1962ರಲ್ಲಿ ಆಗಿನ ಮೈಸೂರು ರಾಜ್ಯ ತನ್ನದೇ ನಿಧಿ ಕಾಯ್ದೆ ತಂದಿತು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅಗೆಯುವಂತಿಲ್ಲವೆಂದು 1958ರ ಕಾಯ್ದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳು ಪ್ರಾಚ್ಯವಸ್ತುಗಳೆಂದೂ ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂದೂ 1972ರ ಕಾಯ್ದೆ. ಅವ್ವನ ಕೊಕ್ಕೆ ಲಾರಿಯೇ ಆಗಿದ್ದರೆ ನಾವು ಕಲೆಕ್ಟರ್ ಸಾಹೇಬರಿಗೆ ಅರ್ಜಿ ಬರೆಯಬೇಕಾಗಿತ್ತು. 1968ರಲ್ಲಿ ನಮ್ಮ ಮನೆಯಲ್ಲಿ ಅರ್ಜಿ ಬರೆಯಬಲ್ಲ ಹೆಂಗಸು ನಾನೊಬ್ಬಳೇ. ಆಗ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ.

ವಿಲಾಯತಿಯ ಹವ್ಯಾಸಿಗಳ ಬಗೆಗೂ ಓದಿದೆ. 1992ರ ನವೆಂಬರಿನಲ್ಲಿ ಹಾಕ್ಸ್ನ್ ಎಂಬ ಹಳ್ಳಿಯ ಹೊಲದಲ್ಲಿ ಒಬ್ಬ ರೈತನ ಸುತ್ತಿಗೆ ಕಳೆಯಿತು. ಅದನ್ನು ಹುಡುಕಿಕೊಡಲು ಗೆಳೆಯನೊಬ್ಬ ತನ್ನ ಯಂತ್ರ ತಂದ. ಸಿಕ್ಕಿದ್ದು ರೋಮನ್ನರ ಕಾಲದ ಸುಮಾರು 15 ಸಾವಿರ ಬಂಗಾರ-ಬೆಳ್ಳಿಯ ನಾಣ್ಯ, ಚಮಚ, ಒಡವೆ. ಆ ಮನುಷ್ಯನ ದೊಡ್ಡತನ ಏನೆಂದರೆ, ಎಲ್ಲವನ್ನೂ ಬಗೆದು ತೆಗೆಯದೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಪುರಾತತ್ವದವರು ಬಂದು ಒಂದೊಂದು ವಸ್ತುವೂ ಹೇಗೆ ಇಟ್ಟಲ್ಲಿತ್ತೋ ಹಾಗೆ ಬರೆದುಕೊಂಡು ತೆಗೆದರು. ಹಾಗಾಗಿ ಅದು ಒಂದು ಮರದ ಪೆಟ್ಟಿಗೆಯಲ್ಲಿತ್ತು, ಬೇರೆ ಬೇರೆ ಸಾಮಾನನ್ನು ಬೇರೆ ಬೇರೆಯಾಗಿ ಜೋಡಿಸಿದ್ದರು ಎಂಬುದೆಲ್ಲ ತಿಳಿಯಿತು. ಒಂದು ಬಂಗಾರದ ಬಳೆಯ ಮೇಲೆ ಜೂಲಿಯಾನಾ ಎಂಬ ಹೆಣ್ಣಿನ ಹೆಸರಿದೆ. ಒಬ್ಬ ರಾಣಿಯಂಥ ಹೆಂಗಸಿನ ಆಕಾರದಲ್ಲಿ ಮಾಡಿದ ಬೆಳ್ಳಿಯ ಮೆಣಸಿನ ಡಬ್ಬಿಯೂ ಇದೆ. ಆ ಕಾಲಕ್ಕೆ ಅವರಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ! ಸುತ್ತಿಗೆಯೂ ಕೊನೆಗೆ ಸಿಕ್ಕಿತು. ಅದನ್ನೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಮುಂದೆ 1996ರಲ್ಲಿ ಅವರು ನಿಧಿಯ ಕಾಯ್ದೆ ತಿದ್ದಿದರು. 1997ರಿಂದ ಹವ್ಯಾಸಿಗಳು ತಂದು ತೋರಿಸಿದ್ದನ್ನು, ಸಿಕ್ಕ ಜಾಗದ ಸಮೇತ ಬರೆದಿಡುವ ವ್ಯವಸ್ಥೆ ಮಾಡಿದರು. ಹತ್ತು ಲಕ್ಷಕ್ಕೂ ಮಿಕ್ಕಿ ವಸ್ತುಗಳು ಆ ಲೆಕ್ಕದಲ್ಲಿವೆ. ಅಲ್ಲಿಯೂ ರಾತ್ರಿಗಳ್ಳರಿದ್ದಾರೆ, ಇಲ್ಲವೆಂದಲ್ಲ. ಆದರೆ ಒಂದು ಮೊಳೆಯನ್ನೂ ಬರೆಸಿ ಬರಬಹುದಾದ ಒಂದು ಮೇಜು ಇದೆ. ಅಂಥ ಮೇಜು ನಮ್ಮ ತಾಲೂಕುಗಳಲ್ಲಿ ಇದ್ದಿದ್ದರೆ ಅಟ್ಟದ ಮೇಲಿನ ಯಂತ್ರವನ್ನು ನಾನೇ ಕೆಳಗಿಳಿಸುತ್ತಿದ್ದೆನೇನೋ.

ಜೂಲಿಯಾನಾಳ ಬಳೆ ನನ್ನ ನಿದ್ದೆ ಕೆಡಿಸಿತು. ಹೂಳಿಟ್ಟವರು ಮರಳಿ ಬಂದಿದ್ದರೆ ಪೆಟ್ಟಿಗೆ ನೆಲದಲ್ಲಿ ಉಳಿಯುತ್ತಿರಲಿಲ್ಲ. ನಿಧಿ ಎಂದರೆ ನಮಗೆ ಸಿಗುವ ಭಾಗ್ಯವೆಂದಷ್ಟೇ ಎಣಿಸುತ್ತೇವೆ. ಅದು ಯಾರೋ ಮರಳಿ ಬಾರದೆ ಹೋದದ್ದರ ಗುರುತೂ ಹೌದು. ನಮ್ಮ ಜಿಲ್ಲೆಯಲ್ಲಿ ಬಾರದೆ ಹೋದವರಿಗೆ ಕಡಿಮೆಯೆ? 1565ರ ಜನವರಿಯಲ್ಲಿ ವಿಜಯನಗರದ ರಾಮರಾಯ ಬಿದ್ದ ಯುದ್ಧಕ್ಕೆ ಹೆಸರಾದ ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳು. ಸಾಮಾನ್ಯ ಸಿಪಾಯಿಯೂ ಬಂಗಾರ, ಒಡವೆಗಳಿಂದ ಸಾಹುಕಾರನಾದನೆಂದು ಬಿಜಾಪುರದ ದರಬಾರಿನಲ್ಲಿದ್ದ ಫೆರಿಸ್ತಾ ಬರೆದಿಟ್ಟಿದ್ದಾನೆ. 1686ರಲ್ಲಿ ಔರಂಗಜೇಬ ಬಿಜಾಪುರ ತೆಗೆದುಕೊಂಡ. 1876-78ರ ಬರದಲ್ಲಿ ಹಳ್ಳಿಗೆ ಹಳ್ಳಿಯೇ ಗುಳೆ ಎದ್ದಿತು. ದಂಡು ಬಂತೆಂದರೆ, ಬರ ಬಿತ್ತೆಂದರೆ ಗಂಡಸು ಬಾಗಿಲಿಗೆ ಹೋಗುತ್ತಿದ್ದ. ಒಲೆಯ ಹಿಂದೆ, ಹಗೇವಿನ ತಳದಲ್ಲಿ, ದನದ ಗೋದಲಿಯ ಕೆಳಗೆ ಗಡಿಗೆ ಹೂಳುವ ಕೆಲಸ ಮನೆಯಾಕೆಗೆ ಬಿದ್ದಿರಬೇಕು. ಇದು ನನ್ನ ಊಹೆ. ಆದರೆ ಮನೆಯಲ್ಲಿ ಎಲ್ಲಿ ಏನಿದೆಯೆಂದು ಯಾರಿಗೆ ಗೊತ್ತಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೆಂಗಸರು ನಾಣ್ಯಗಳನ್ನು ಕೊರಳಲ್ಲಿಯೂ ಉಳಿಸಿದ್ದಾರೆ. ನಮ್ಮ ಪುತಳಿ ಸರದ ಮೂಲ ವೆನಿಸ್ ನಗರದ ಬಂಗಾರದ ನಾಣ್ಯ. ಅದರ ಮೇಲೆ ಅವರ ಸಂತನೂ ಅವನ ಮುಂದೆ ಮೊಣಕಾಲೂರಿದ ಅವರ ದೊರೆಯೂ ಇದ್ದಾರೆ. ನಮ್ಮವರು ಬೊಂಬೆ ಕಂಡು ಪುತಳಿ ಅಂದರು. ಇನ್ನು ನಾಣ್ಯವೇ ಸಿಗದೆ ಅದರ ಲೆಕ್ಕ ಮಾತ್ರ ಸಿಕ್ಕ ಕಡೆಯೂ ಉಂಟು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯ 945ರ ಶಾಸನವಿದೆ. ವಿದ್ಯಾರ್ಥಿಗಳಿಗೆ 27 ಮನೆ. ಊರಿನ ಬ್ರಾಹ್ಮಣರು ಮದುವೆಗೆ ಐದು ನಾಣ್ಯ, ಮುಂಜಿವೆಗೆ ಅದರ ಅರ್ಧ, ಜವಳಕ್ಕೆ ಅದರ ಅರ್ಧ ಶಾಲೆಗೆ ಕೊಡಬೇಕು. ಇಂಡಿಯಲ್ಲಿದ್ದಾಗ ಇದನ್ನು ಹೇಳಿದರೆ ನನ್ನ ವಿದ್ಯಾರ್ಥಿನಿಯರು ತಮ್ಮ ಮನೆಯ ಮದುವೆಗಳ ಲೆಕ್ಕ ಹಾಕುತ್ತಿದ್ದರು. ಬಸವನ ಬಾಗೇವಾಡಿಗೆ ವರ್ಗವಾದಾಗ ಕೇಳಿದ ಕಥೆ ಇನ್ನೂ ಚಂದ. ಬಿಜ್ಜಳನ ಆಸ್ಥಾನದಲ್ಲಿ ಯಾರಿಗೂ ಓದಲಾಗದ ಒಂದು ಲಿಪಿಯನ್ನು ಬಸವಣ್ಣನವರು ಓದಿ, ಸಿಂಹಾಸನದ ಕೆಳಗೆ ನಿಧಿಯಿದೆ ಎಂದು ತಿಳಿಸಿದರಂತೆ. ಪುರಾಣದ ಮಾತು, ಆದರೂ ಅಕ್ಷರ ಕಲಿಸುವವಳಿಗೆ ಹಿತವಾದ ಮಾತು.

ಮುದ್ದೇಬಿಹಾಳದಲ್ಲಿದ್ದಾಗ ಆಲಮಟ್ಟಿಯ ಹಿನ್ನೀರು ಏರುತ್ತಿತ್ತು. ಕೃಷ್ಣೆಯ ದಂಡೆಯ ಊರುಗಳು ಮುಳುಗುವ ಕಾಲ. ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಹೊಸ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಸುತ್ತಿದ್ದಳು. ಹಳೆಯ ಮನೆ ಬಿಚ್ಚುವಾಗ ಹೊಸ್ತಿಲ ಕೆಳಗಿನಿಂದ ಒಂದು ದುಡ್ಡು ತೆಗೆದಳೆಂದು ಹುಡುಗಿ ಶಾಲೆಯಲ್ಲಿ ಹೇಳಿದಳು. ಹೊಸ್ತಿಲು ಕೂಡಿಸುವಾಗ ಅರಿಶಿನ ಕುಂಕುಮದೊಡನೆ ದುಡ್ಡು ಇಡುವುದು ನಮ್ಮಲ್ಲಿ ರೂಢಿಯಷ್ಟೆ. ನಾಣ್ಯ ಎಂದೊಡನೆ ನಾನು ಸಂಜೆಗೆ ಓಡಿದೆ. ಆದರೆ ಗೌಂಡಿ ಆಗಲೇ ಹೊಸ ಹೊಸ್ತಿಲು ಕೂಡಿಸಿ, ಅಂಚಿಗೆ ಸಿಮೆಂಟು ಸವರುತ್ತಿದ್ದ.

"ಬಾಯಾರ, ಈಗಷ್ಟ ಇಟ್ಟೀವಿ ನೋಡ್ರಿ" ಎಂದಳು ಅಜ್ಜಿ.

"ಯಾವ ರಾಜನ ದುಡ್ಡಿತ್ತು ಅಜ್ಜಿ? ಮ್ಯಾಲೇನರ ಬರದಿತ್ತೇನು?"

ಅಜ್ಜಿ ನನ್ನ ಮುಖ ನೋಡಿದಳು. ಇಷ್ಟೂ ತಿಳಿಯದೆ ಸಾಲಿಯಲ್ಲಿ ಏನು ಕಲಿಸುತ್ತೀ ಎಂಬಂತಿತ್ತು ಆ ನೋಟ.

"ಯಾವ ರಾಜಂದ್ಯಾಕ ಆಗತೈತ್ರಿ? ಅದು ನಮ್ಮ ಅತ್ತೀದು. ಆ ಮನಿ ಕಟ್ಟೂಮುಂದ ಆಕೀನs ಇಟ್ಟಿದ್ದಳು" ಎಂದು ಕೈಯಲ್ಲಿದ್ದ ಅರಿಶಿನವನ್ನು ಹಸಿಯ ಸಿಮೆಂಟಿಗೆ ತಾಗದಂತೆ ಹೊಸ್ತಿಲಿಗೆ ಬಳಿಯತೊಡಗಿದಳು.